ಆಪತ್ತಿಗಾದ ನಿಲ್ದಾಣ

ಲಂಡನ್ ಮಹಾನಗರದ ಸ್ಟ್ರಾಂಡ್ ಬೀದಿಯಲ್ಲಿ, ಕಿಂಗ್ಸ್ ಕಾಲೇಜಿನ ಮಗ್ಗುಲಿಗೆ, ಕಡುಗೆಂಪು ಬಣ್ಣದ ಹೊಳಪುಬಿಲ್ಲೆಗಳನ್ನು ಹೊದಿಸಿದ ಕಟ್ಟಡವೊಂದಿದೆ. ಅದರ ಹಣೆಯ ಮೇಲೆ ‘ಸ್ಟ್ರಾಂಡ್ ನಿಲ್ದಾಣ’ ಎಂಬ ಅಕ್ಷರಗಳು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ಊರಿಗೆ ಹೊಸಬನಾದ ಪ್ರವಾಸಿ ಆ ಬರಹವನ್ನು ನಂಬಿ ರೈಲು ಹಿಡಿಯಲೆಂದು ಬಾಗಿಲ ಬಳಿಗೆ ಹೋದರೆ ಅವನಿಗೆ ಎದುರಾಗುವುದು ಬೀಗ ಬಿದ್ದ ಬಾಗಿಲು. ಕೈಯಲ್ಲಿರುವ ನಕ್ಷೆಯನ್ನು ಎಷ್ಟು ತಿರುವಿ ನೋಡಿದರೂ ಆ ಹೆಸರಿನ ನಿಲ್ದಾಣ ಅದರಲ್ಲಿ ಸಿಕ್ಕದು.

ಅಲ್ಲಿಂದ ಕೊನೆಯ ರೈಲು ಹೊರಟದ್ದು ೧೯೯೪ರ ಸೆಪ್ಟೆಂಬರ್ ೩೦ರಂದು. ೧೯೦೭ರಲ್ಲಿ ಹುಟ್ಟಿ ಎಂಬತ್ತಾರು ವರ್ಷಗಳ ಕಾಲ ಬಾಳಿದ ಈ ನೆಲದಡಿಯ ನಿಲ್ದಾಣ ರೈಲ್ವೆಯ ಲೆಕ್ಕಪತ್ರಗಳಲ್ಲಿ ಎಂದೂ ಒಳ್ಳೆಯ ಹೆಸರು ಪಡೆಯಲಿಲ್ಲ. ಜನ ಬರುತ್ತಿಲ್ಲ, ಖರ್ಚು ಹುಟ್ಟುತ್ತಿಲ್ಲ ಎಂಬ ದೂರು ಅದರ ಬಾಲ್ಯದಿಂದಲೇ ಆರಂಭವಾಗಿ ಅಂತ್ಯದವರೆಗೂ ನಡೆಯಿತು. ಆದರೆ ಎರಡು ಮಹಾಯುದ್ಧಗಳಲ್ಲಿ ಲಂಡನ್ನಿನ ಆಕಾಶದಿಂದ ಬೆಂಕಿ ಸುರಿದಾಗ, ಆ ನಗರ ತನ್ನ ಅಮೂಲ್ಯ ವಸ್ತುಗಳನ್ನೂ ತನ್ನ ಮಕ್ಕಳನ್ನೂ ಬಚ್ಚಿಟ್ಟ ಸ್ಥಳಗಳಲ್ಲಿ ಈ ನಿಷ್ಪ್ರಯೋಜಕ ನಿಲ್ದಾಣವೂ ಒಂದಾಗಿತ್ತು. ಆಪತ್ತಿಗಾದವನೇ ನೆಂಟ ಎಂಬ ಮಾತು ಮನುಷ್ಯರಿಗೆ ಮಾತ್ರವಲ್ಲ, ಕಲ್ಲು ಕಬ್ಬಿಣಗಳ ಕಟ್ಟಡಕ್ಕೂ ಸಲ್ಲುತ್ತದೆಂಬುದಕ್ಕೆ ಇದರ ಚರಿತ್ರೆಯೇ ಸಾಕ್ಷಿ.

ಎರಡು ಯೋಜನೆಗಳ ನಡುವಣ ಕೂಸು

ಜಗತ್ತಿನ ಮೊತ್ತಮೊದಲ ಸುರಂಗ ರೈಲು ಲಂಡನ್ನಿನಲ್ಲಿ ಓಡಿದ್ದು ೧೮೬೩ರ ಜನವರಿಯಲ್ಲಿ. ಆಗ ಅದನ್ನೆಳೆದದ್ದು ಉಗಿಯಂತ್ರ. ಬೀದಿಯನ್ನು ಅಗೆದು, ಹಳಿ ಹಾಕಿ, ಮೇಲೆ ಕಮಾನು ಮುಚ್ಚಿ ಮಾಡಿದ ಆ ಸುರಂಗಗಳು ಹೆಚ್ಚು ಆಳದವಲ್ಲ. ಹೊಗೆಯ ಕಾಟವಂತೂ ಹೇಳತೀರದು. ವಿದ್ಯುಚ್ಛಕ್ತಿ ಬಂದ ಮೇಲೆ ಮಾತ್ರ ಆಳಕ್ಕೆ ಇಳಿಯುವುದು ಸಾಧ್ಯವಾಯಿತು. ೧೮೯೦ರಲ್ಲಿ ಅಂತಹ ಮೊದಲ ಮಾರ್ಗ ತೆರೆಯಿತು.

ಲಂಡನ್ನಿನ ತಳದಲ್ಲಿರುವುದು ಬಿಗಿಯಾದ ಜೇಡಿಮಣ್ಣು. ಕಬ್ಬಿಣದ ದೊಡ್ಡ ಉರುಳೆಯೊಂದನ್ನು ಆ ಮಣ್ಣಿನೊಳಕ್ಕೆ ಒತ್ತುತ್ತ, ಅದರ ಮುಂಬಾಯಿಯಲ್ಲಿ ಕೂಲಿಗಳು ಮಣ್ಣು ಕೆತ್ತುತ್ತ, ಹಿಂದೆ ಎರಕದ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಬಿಗಿಯುತ್ತ ಹೋದರೆ ಸುರಂಗ ಸಿದ್ಧ. ಕೊಳವೆಯಂತೆ ಕಾಣುವ ಈ ಸುರಂಗಗಳಿಂದಲೇ ಅಲ್ಲಿನ ರೈಲಿಗೆ ‘ಟ್ಯೂಬ್’ ಎಂಬ ಹೆಸರು ರೂಢಿಯಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂತಹ ಮಾರ್ಗಗಳನ್ನು ಹಾಕಲು ಕಂಪನಿಗಳು ಪೈಪೋಟಿಗೆ ನಿಂತವು. ಒಂದು ಕಂಪನಿ ಉತ್ತರ ಲಂಡನ್ನಿನಿಂದ ದಕ್ಷಿಣಕ್ಕೆ ಸ್ಟ್ರಾಂಡ್‌ವರೆಗೆ ಬರುವ ಮಾರ್ಗಕ್ಕೆ ೧೮೯೯ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಪಡೆಯಿತು. ಇನ್ನೊಂದು ಕಂಪನಿ ಪಶ್ಚಿಮದ ಸೌತ್ ಕೆನ್ಸಿಂಗ್ಟನ್ನಿನಿಂದ ಪಿಕಡಿಲಿ ಸರ್ಕಸ್‌ವರೆಗಿನ ಮಾರ್ಗಕ್ಕೆ ಅದಕ್ಕಿಂತ ಮೊದಲೇ, ೧೮೯೭ರಲ್ಲಿ, ಒಪ್ಪಿಗೆ ಪಡೆದಿತ್ತು. ಎರಡರ ಬಳಿಯೂ ಯೋಜನೆಯಿತ್ತೇ ಹೊರತು ಹಣವಿರಲಿಲ್ಲ.

ಹಣವಿದ್ದವನು ಅಮೆರಿಕದಿಂದ ಬಂದ. ಅವನ ಹೆಸರು ಚಾರ್ಲ್ಸ್ ಟೈಸನ್ ಯರ್ಕಿಸ್. ಯೌವನದಲ್ಲಿ ಫಿಲಡೆಲ್ಫಿಯದಲ್ಲಿ ಹಣಕಾಸಿನ ಅಪರಾಧಕ್ಕಾಗಿ ಸೆರೆಮನೆ ಕಂಡು, ಅನಂತರ ಶಿಕಾಗೋದ ಟ್ರಾಮ್ ಗಾಡಿಗಳಿಂದ ಕೋಟ್ಯಾಧೀಶನಾಗಿ, ಅಲ್ಲಿನ ಜನರ ವಿರೋಧ ಹೆಚ್ಚಿದ ಮೇಲೆ ಲಂಡನ್ನಿಗೆ ಬಂದಿಳಿದ ಸಾಹಸಿ ಆತ. ಥಿಯೊಡೋರ್ ಡ್ರೈಸರನ ‘ದಿ ಫೈನಾನ್ಷಿಯರ್’ ಕಾದಂಬರಿಯ ನಾಯಕನಿಗೆ ಮೂಲಮಾದರಿ ಇವನೇ. ಯರ್ಕಿಸ್ ಎರಡು ಕಂಪನಿಗಳನ್ನೂ ಕೊಂಡು ಒಂದುಮಾಡಿದ. ಉತ್ತರದಿಂದ ಬಂದ ಮಾರ್ಗವನ್ನು ಹೋಬರ್ನ್ ಎಂಬಲ್ಲಿ ಪಶ್ಚಿಮಕ್ಕೆ ತಿರುಗಿಸಿ ಪಿಕಡಿಲಿಗೆ ಜೋಡಿಸಿದ.

ಇದರಿಂದ ನಗರಕ್ಕೆ ಒಳ್ಳೆಯ ಮಾರ್ಗವೊಂದು ದೊರೆಯಿತು, ನಿಜ. ಆದರೆ ಮೊದಲ ಯೋಜನೆಯ ಕೊನೆಯ ತುಂಡು, ಹೋಬರ್ನಿನಿಂದ ಸ್ಟ್ರಾಂಡಿನವರೆಗಿನ ಸುಮಾರು ನಾಲ್ಕು ಫರ್ಲಾಂಗು, ಯಾರಿಗೂ ಬೇಡವಾಗಿ ಉಳಿಯಿತು. ಒಪ್ಪಿಗೆ ದೊರೆತಿದೆಯೆಂಬ ಕಾರಣಕ್ಕೆ ಅದನ್ನೂ ಅಗೆದು ಮುಗಿಸಿದರು. ಮರ ಬೇರೆ ಕಡೆಗೆ ಬೆಳೆಯಿತು, ಕೊಂಬೆ ಮಾತ್ರ ಇತ್ತ ಉಳಿಯಿತು. ೧೯೦೫ರ ಡಿಸೆಂಬರಿನಲ್ಲಿ ಯರ್ಕಿಸ್ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಪಿಕಡಿಲಿಯ ಮುಖ್ಯ ಮಾರ್ಗ ತೆರೆದದ್ದು ಅದರ ಮರುವರ್ಷ, ೧೯೦೬ರ ಡಿಸೆಂಬರ್ ೧೫ರಂದು. ಸ್ಟ್ರಾಂಡಿನ ಕೊಂಬೆ ತೆರೆದದ್ದು ೧೯೦೭ರ ನವೆಂಬರ್ ೩೦ರಂದು. ಎರಡನ್ನೂ ನೋಡುವ ಭಾಗ್ಯ ಅವನಿಗಿರಲಿಲ್ಲ.

ನಾಟಕ ಮಂದಿರದ ನೆಲದಲ್ಲಿ

ನಿಲ್ದಾಣಕ್ಕಾಗಿ ಆರಿಸಿದ ಜಾಗದಲ್ಲಿ ಮೊದಲು ರಾಯಲ್ ಸ್ಟ್ರಾಂಡ್ ಎಂಬ ನಾಟಕ ಮಂದಿರವಿತ್ತು. ೧೯೦೫ರಲ್ಲಿ ಅದರ ಪರದೆ ಕೊನೆಯ ಬಾರಿಗೆ ಇಳಿಯಿತು, ಕಟ್ಟಡವನ್ನು ಕೆಡವಲಾಯಿತು. ಹಾಗೆ ಕೆಡವಿದ ಮಂದಿರದ ನಟಿಯೊಬ್ಬಳ ಪ್ರೇತ ಹಳಿಗಳ ಮೇಲೆ ಸುಳಿಯುತ್ತದೆಂದು, ರಾತ್ರಿಯ ವೇಳೆ ಸುರಂಗದ ಧೂಳು ಗುಡಿಸುವ ಹೆಂಗಸರು ಅವಳನ್ನು ಕಂಡಿದ್ದಾರೆಂದು ಒಂದು ಜನಶ್ರುತಿ ಹಬ್ಬಿತು. ಪ್ರೇತವಿಲ್ಲದೆ ಹಳೆಯ ಮನೆಗೆ ಶೋಭೆಯಿಲ್ಲವೆಂಬುದು ಎಲ್ಲ ದೇಶಗಳಲ್ಲೂ ಇರುವ ನಂಬಿಕೆಯೇ ಸರಿ.

ಕಟ್ಟಡದ ನಕ್ಷೆ ಬರೆದವನು ಲೆಸ್ಲಿ ಗ್ರೀನ್ ಎಂಬ ತರುಣ. ಯರ್ಕಿಸನ ಕಂಪನಿಗಾಗಿ ಕೆಲವೇ ವರ್ಷಗಳಲ್ಲಿ ಹತ್ತಾರು ನಿಲ್ದಾಣಗಳನ್ನು ರೂಪಿಸುವ ಹೊಣೆ ಅವನ ಮೇಲೆ ಬಿದ್ದಿತ್ತು. ಉಕ್ಕಿನ ಚೌಕಟ್ಟು, ಅದರ ಹೊರಮೈಗೆ ಮಳೆ ಮಸಿಗಳಿಗೆ ಅಂಜದ ಕೆಂಪು ಬಿಲ್ಲೆ, ಮುಂದೆ ಕಚೇರಿಯ ಮಹಡಿಗಳನ್ನು ಏರಿಸಲು ಅನುಕೂಲವಾಗುವಂತೆ ಸಮತಟ್ಟಾದ ಚಾವಣಿ: ಇದು ಅವನ ಪದ್ಧತಿ. ಲಂಡನ್ನಿನಲ್ಲಿ ಎಲ್ಲೇ ಆ ಕೆಂಪು ಕಂಡರೂ ಅದು ಗ್ರೀನನ ನಿಲ್ದಾಣವೆಂದು ಇಂದಿಗೂ ಗುರುತಿಸಬಹುದು. ಅತಿಯಾದ ದುಡಿಮೆಯ ನಡುವೆ ಆರೋಗ್ಯ ಕೆಟ್ಟು ಆತ ೧೯೦೮ರಲ್ಲಿ, ತನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ, ಕಣ್ಣುಮುಚ್ಚಿದ.

ನಿಲ್ದಾಣದ ಸುತ್ತಲ ಬಡಾವಣೆಯೂ ಆಗ ಹೊಚ್ಚಹೊಸದು. ಇಕ್ಕಟ್ಟಾದ ಕೊಳೆಗೇರಿಗಳನ್ನು ಕಿತ್ತು, ಅಗಲವಾದ ಕಿಂಗ್ಸ್‌ವೇ ರಸ್ತೆಯನ್ನೂ ಅರ್ಧಚಂದ್ರಾಕಾರದ ಆಲ್ಡ್‌ವಿಚ್ ಬೀದಿಯನ್ನೂ ನಿರ್ಮಿಸಿ ೧೯೦೫ರಲ್ಲಿ ದೊರೆ ಏಳನೆಯ ಎಡ್ವರ್ಡನಿಂದ ಉದ್ಘಾಟನೆ ಮಾಡಿಸಿದ್ದರು. ಆಲ್ಡ್‌ವಿಚ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ‘ಹಳೆಯ ಊರು’ ಎಂದರ್ಥ. ಕನ್ನಡದಲ್ಲಿ ಹೇಳುವುದಾದರೆ ಹಳೇಪೇಟೆ. ೧೯೧೫ರಲ್ಲಿ ನಿಲ್ದಾಣಕ್ಕೂ ಇದೇ ಹೆಸರಿಟ್ಟರು. ಹತ್ತಿರದ ಇನ್ನೊಂದು ನಿಲ್ದಾಣಕ್ಕೆ ಸ್ಟ್ರಾಂಡ್ ಎಂಬ ಹೆಸರು ಬೇಕಾಗಿತ್ತು. ಚರಿತ್ರೆಯಲ್ಲಿ ಇದು ಆಲ್ಡ್‌ವಿಚ್ ನಿಲ್ದಾಣವೆಂದೇ ಪ್ರಸಿದ್ಧ.

ಬಾರದ ಪ್ರಯಾಣಿಕರು

ಮೂರು ಲಿಫ್ಟು ಬಾವಿಗಳನ್ನು ತೋಡಿದರೂ ಒಂದರಲ್ಲಿ ಮಾತ್ರ ಲಿಫ್ಟುಗಳನ್ನು ಅಳವಡಿಸಿದರು. ಉಳಿದೆರಡು ಬರಿದಾಗಿಯೇ ಉಳಿದವು. ಎರಡು ಸುರಂಗ, ಎರಡು ಪ್ಲಾಟ್‌ಫಾರಮ್ಮು ಕಟ್ಟಿದ್ದರು. ಹೋಬರ್ನಿಗೆ ಹೋಗಿ ಹಿಂತಿರುಗುವ ಒಂದೇ ಒಂದು ಪುಟ್ಟ ರೈಲಿಗೆ ಅಷ್ಟೆಲ್ಲ ಏತಕ್ಕೆ? ೧೯೧೪ರಲ್ಲಿ ಪೂರ್ವದ ಪ್ಲಾಟ್‌ಫಾರಮ್ಮನ್ನು ಶಾಶ್ವತವಾಗಿ ಕೈಬಿಟ್ಟರು. ನಾಟಕ ನೋಡಿ ಮನೆಗೆ ಮರಳುವವರಿಗಾಗಿ ರಾತ್ರಿ ಬಿಡುತ್ತಿದ್ದ ವಿಶೇಷ ರೈಲೂ ಒಂದು ವರ್ಷದೊಳಗೆ ನಿಂತುಹೋಯಿತು. ೧೯೨೨ರಲ್ಲಿ ಟಿಕೆಟ್ಟಿನ ಕೊಠಡಿಯನ್ನೇ ಮುಚ್ಚಿ, ಲಿಫ್ಟು ನಡೆಸುವವನ ಕೈಗೇ ಟಿಕೆಟ್ಟು ಮಾರುವ ಕೆಲಸವನ್ನೂ ಒಪ್ಪಿಸಿದರು.

ಜನರನ್ನು ದೂಷಿಸುವಂತೆಯೂ ಇರಲಿಲ್ಲ. ಹೋಬರ್ನಿನಿಂದ ಇಲ್ಲಿಗೆ ಕಾಲುನಡಿಗೆಯಲ್ಲಿ ಹತ್ತು ನಿಮಿಷದ ಹಾದಿ. ಲಿಫ್ಟಿಗಾಗಿ ಕಾದು, ಇಳಿದು, ರೈಲಿಗಾಗಿ ಕಾದು, ಮತ್ತೆ ಲಿಫ್ಟಿನಲ್ಲಿ ಮೇಲೇರುವುದಕ್ಕಿಂತ ನಡೆದುಹೋಗುವುದೇ ಸುಖವೆಂದು ಹಲವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಮುಚ್ಚಬೇಕೆಂಬ ಮಾತು ಮತ್ತೆ ಮತ್ತೆ ಬಂದಿತು. ಸುತ್ತಮುತ್ತಲ ಕಚೇರಿ ವಿದ್ಯಾಲಯಗಳಿಗೆ ಬರುವವರಿಗಾಗಿ ಅದು ಹೇಗೋ ಉಸಿರು ಹಿಡಿದುಕೊಂಡಿತು.

ಈ ವಿದ್ಯಾಲಯ ಕಚೇರಿಗಳಲ್ಲಿ ಭಾರತೀಯರಿಗೆ ಪರಿಚಿತವಾದವೂ ಉಂಟು. ಡಾ. ಅಂಬೇಡ್ಕರ್ ಅವರು ಅಭ್ಯಾಸ ಮಾಡಿ ೧೯೨೩ರಲ್ಲಿ ಡಿ.ಎಸ್‌ಸಿ. ಪದವಿ ಪಡೆದ ಲಂಡನ್ ಅರ್ಥಶಾಸ್ತ್ರ ವಿದ್ಯಾಲಯ ಇರುವುದು ಆಲ್ಡ್‌ವಿಚ್ಚಿನ ಸಂದಿಯಲ್ಲೇ. ನವದೆಹಲಿಯ ಸಚಿವಾಲಯಗಳನ್ನು ರೂಪಿಸಿದ ಹರ್ಬರ್ಟ್ ಬೇಕರನ ನಕ್ಷೆಯಂತೆ ಕಟ್ಟಿ ೧೯೩೦ರಲ್ಲಿ ತೆರೆದ ‘ಇಂಡಿಯಾ ಹೌಸ್’, ಅಂದರೆ ಇಂದಿನ ಭಾರತದ ಹೈಕಮಿಷನರರ ಕಚೇರಿ, ನಿಂತಿರುವುದೂ ಆ ಅರ್ಧಚಂದ್ರದ ಬೀದಿಯಲ್ಲೇ.

ಚಿತ್ರಗಳ ಅಜ್ಞಾತವಾಸ

ಮೊದಲನೆಯ ಮಹಾಯುದ್ಧದಲ್ಲಿ ಲಂಡನ್ ಒಂದು ಹೊಸ ಭಯವನ್ನು ಅನುಭವಿಸಿತು. ಅದುವರೆಗೆ ಯುದ್ಧವೆಂದರೆ ಸಮುದ್ರದಾಚೆ ಸೈನಿಕರು ಮಾಡುವ ಕೆಲಸ. ಈಗ ಅದು ಮನೆಯ ಮಾಡಿನ ಮೇಲೆ ಬಂದು ನಿಂತಿತು. ೧೯೧೫ರ ಅಕ್ಟೋಬರ್ ೧೩ರ ರಾತ್ರಿ ಜರ್ಮನರ ಜೆಪ್ಪಲಿನ್ ಆಕಾಶನೌಕೆ ಸ್ಟ್ರಾಂಡಿನ ನಾಟಕ ಮಂದಿರಗಳ ನೆರೆಯಲ್ಲೇ ಬಾಂಬುಗಳನ್ನು ಕೆಡವಿತು. ೧೯೧೭ರ ಜೂನ್ ೧೩ರಂದು ಹಾಡುಹಗಲಿನಲ್ಲಿ ವಿಮಾನಗಳು ಬಂದು ೧೬೨ ಜನರನ್ನು ಬಲಿ ತೆಗೆದುಕೊಂಡವು.

ರಾಷ್ಟ್ರೀಯ ಚಿತ್ರಶಾಲೆಯ ಅಧಿಕಾರಿಗಳಿಗೆ ಚಿಂತೆ ಹತ್ತಿತು. ಶತಮಾನಗಳಿಂದ ಉಳಿದುಬಂದ ಚಿತ್ರಪಟಗಳನ್ನು ಎಲ್ಲಿಡುವುದು? ಅವರ ಕಣ್ಣು ಆಲ್ಡ್‌ವಿಚ್ಚಿನ ಬರಿದಾದ ಪ್ಲಾಟ್‌ಫಾರಮ್ಮಿನ ಮೇಲೆ ಬಿತ್ತು. ಓಡುವ ರೈಲನ್ನು ನಿಲ್ಲಿಸಬೇಕಾಗಿರಲಿಲ್ಲ, ಯಾರ ಅನುಕೂಲವನ್ನೂ ಕೆಡಿಸಬೇಕಾಗಿರಲಿಲ್ಲ. ಕೆಲಸಕ್ಕೆ ಬಾರದೆಂದು ಬಿಟ್ಟ ಸ್ಥಳ ತಾನಾಗಿಯೇ ಸಿದ್ಧವಾಗಿತ್ತು. ೧೯೧೭ರ ಸೆಪ್ಟೆಂಬರಿನಿಂದ ೧೯೧೮ರ ಡಿಸೆಂಬರಿನವರೆಗೆ ಸುಮಾರು ೩೦೦ ಚಿತ್ರಗಳು ಅಲ್ಲಿ ಅಜ್ಞಾತವಾಸ ಮಾಡಿದವು. ಗೋಡೆಯ ಆಚೆ ಬದಿಯಲ್ಲಿ ಎಂದಿನಂತೆ ಪುಟ್ಟ ರೈಲು ಓಡಾಡುತ್ತಲೇ ಇತ್ತು.

ಒಂದೂವರೆ ಪೆನ್ನಿಯ ಟಿಕೆಟ್ಟು

ಎರಡನೆಯ ಮಹಾಯುದ್ಧದಲ್ಲಿ ಬಂದೊದಗಿದ ಪರೀಕ್ಷೆ ಇದಕ್ಕಿಂತ ಕಠಿಣವಾದದ್ದು. ೧೯೪೦ರ ಸೆಪ್ಟೆಂಬರ್ ೭ರ ಸಂಜೆ ಲಂಡನ್ನಿನ ಪೂರ್ವಭಾಗದ ಹಡಗುಕಟ್ಟೆಗಳ ಮೇಲೆ ಜರ್ಮನ್ ವಿಮಾನಗಳು ಎರಗಿದವು. ಮುಂದಿನ ಎರಡು ತಿಂಗಳ ಕಾಲ ಬಹುತೇಕ ಪ್ರತಿ ರಾತ್ರಿಯೂ ಅದೇ ಪಾಡು.

ರಕ್ಷಣೆಯ ಏರ್ಪಾಡಿನ ಹೊಣೆ ಹೊತ್ತಿದ್ದವರು ಗೃಹಮಂತ್ರಿ ಸರ್ ಜಾನ್ ಆಂಡರ್ಸನ್. ೧೯೩೨ರಿಂದ ೧೯೩೭ರವರೆಗೆ ಬಂಗಾಳದ ಗವರ್ನರಾಗಿದ್ದ ಇವರ ಹೆಸರು ಭಾರತಕ್ಕೆ ಹೊಸತಲ್ಲ. ಮನೆಯ ತೋಟದಲ್ಲಿ ಗುಂಡಿ ತೋಡಿ ಅಲೆಯಲೆಯಾದ ಉಕ್ಕಿನ ತಗಡಿನಿಂದ ಕಟ್ಟಿಕೊಳ್ಳುವ ಚಿಕ್ಕ ಆಶ್ರಯಕ್ಕೆ ‘ಆಂಡರ್ಸನ್ ಷೆಲ್ಟರ್’ ಎಂದೇ ಹೆಸರು ಬಿದ್ದಿತ್ತು. ಆದರೆ ತೋಟವಿಲ್ಲದವರು ಏನು ಮಾಡಬೇಕು? ಪೂರ್ವ ಲಂಡನ್ನಿನ ಕೂಲಿಕಾರರ ವಠಾರಗಳಲ್ಲಿ ತೋಟವೆಂಬುದು ಕನಸಿನ ಮಾತು. ಅವರಿಗೆ ಗೊತ್ತಿದ್ದ ಆಳವಾದ ಸ್ಥಳವೆಂದರೆ ಸುರಂಗ ರೈಲಿನ ನಿಲ್ದಾಣ.

ಸರ್ಕಾರ ಅದಕ್ಕೆ ಒಪ್ಪಿರಲಿಲ್ಲ. ಕಾರ್ಮಿಕರನ್ನೂ ಸೈನಿಕರನ್ನೂ ಸಾಗಿಸಲು ರೈಲು ಬೇಕು, ಅಲ್ಲಿ ಜನ ತುಂಬಿಕೊಂಡರೆ ನಗರವೇ ನಿಲ್ಲುತ್ತದೆ ಎಂಬುದು ಒಂದು ವಾದ. ಒಮ್ಮೆ ಆಳಕ್ಕಿಳಿದ ಜನ ಭಯದಿಂದ ಮತ್ತೆ ಮೇಲೆ ಬಾರದೆ ಉಳಿದಾರು ಎಂಬುದು ಇನ್ನೊಂದು ವಾದ. ಮೊದಲನೆಯ ವಾದದಲ್ಲಿ ಹುರುಳಿತ್ತು. ಎರಡನೆಯದು ಆ ಜನರನ್ನು ಅರಿಯದವರು ಹೂಡಿದ ವಾದವಾಗಿತ್ತು.

ಜನ ಸರ್ಕಾರದೊಡನೆ ಚರ್ಚೆಗೆ ಕೂರಲಿಲ್ಲ. ಒಂದೂವರೆ ಪೆನ್ನಿ ಕೊಟ್ಟು ಅತ್ಯಂತ ಅಗ್ಗದ ಟಿಕೆಟ್ಟು ಕೊಂಡರು. ಹಾಸಿಗೆ ಸುತ್ತಿಕೊಂಡು, ಮಕ್ಕಳ ಕೈಹಿಡಿದು, ಮುದುಕರನ್ನು ನಡೆಸಿಕೊಂಡು ಪ್ರಯಾಣಿಕರಂತೆ ಕೆಳಗಿಳಿದರು. ಇಳಿದವರು ಬೆಳಗಾಗುವವರೆಗೆ ಮೇಲೆ ಬರಲಿಲ್ಲ. ಟಿಕೆಟ್ಟು ಕೊಂಡವನನ್ನು ನಿಲ್ದಾಣದಿಂದ ಹೊರಗಟ್ಟುವುದು ಹೇಗೆ? ಮೇಲೆ ಬಾಂಬು ಬೀಳುತ್ತಿರುವಾಗ ತಾಯಿ ಮಕ್ಕಳನ್ನು ಹೊರಗಟ್ಟುವ ಪೇದೆಯಾದರೂ ಎಲ್ಲಿ ಸಿಕ್ಕಾನು? ಎರಡು ವಾರಗಳೊಳಗೆ ಸರ್ಕಾರವೇ ತನ್ನ ನಿಲುವನ್ನು ಬದಲಿಸಬೇಕಾಯಿತು. ೧೯೪೦ರ ಸೆಪ್ಟೆಂಬರ್ ೨೭ರ ರಾತ್ರಿ ಎಣಿಸಿದಾಗ ಸುರಂಗ ನಿಲ್ದಾಣಗಳಲ್ಲಿ ಮಲಗಿದ್ದವರ ಸಂಖ್ಯೆ ಸುಮಾರು ೧,೭೭,೦೦೦.

ರೈಲು ಓಡುತ್ತಿದ್ದ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಮ್ಮಿನ ಮೇಲೆ ಬಿಳಿಯ ಗೆರೆಗಳನ್ನೆಳೆದು, ಇಂತಿಷ್ಟು ಹೊತ್ತಿನವರೆಗೆ ಇದನ್ನು ದಾಟಬಾರದೆಂದು ವಿಧಿಸಿದ್ದರು. ಮಲಗಿದವರ ಕಾಲುಗಳ ಪಕ್ಕದಲ್ಲೇ ಪ್ರಯಾಣಿಕರು ಇಳಿದು ಹತ್ತುತ್ತಿದ್ದರು. ಇದೊಂದು ಸಂಕಟದ ಹೊಂದಾಣಿಕೆ. ರೈಲಿನ ಹಂಗಿಲ್ಲದ ನಿಲ್ದಾಣವನ್ನು ಪೂರ್ತಿಯಾಗಿ ಜನರಿಗೇ ಬಿಟ್ಟುಕೊಡಬಹುದೇ ಎಂದು ಹುಡುಕಿದಾಗ ಆಲ್ಡ್‌ವಿಚ್ಚಿನ ಹೆಸರು ಮುಂದೆ ಬಂದಿತು. ಆ ಕೊಂಬೆಯನ್ನು ನಿಲ್ಲಿಸಿದರೆ ನಗರಕ್ಕೆ ಆಗುವ ನಷ್ಟವೇನೂ ಇರಲಿಲ್ಲ. ಸೆಪ್ಟೆಂಬರ್ ೨೨ರಿಂದ ಅಲ್ಲಿ ರೈಲು ನಿಂತಿತು. ವಿದ್ಯುತ್ ಪ್ರವಾಹವನ್ನು ಕಡಿದರು. ಪ್ಲಾಟ್‌ಫಾರಮ್ಮಿನ ಮೇಲಷ್ಟೇ ಅಲ್ಲ, ಹಳಿಗಳ ನಡುವಣ ತಗ್ಗಿನಲ್ಲಿಯೂ ಹಾಸಿಗೆ ಹಾಸಿ ಸಾಲುಸಾಲಾಗಿ ಜನ ಮಲಗಿದರು. ಆ ಅಕ್ಟೋಬರಿನಲ್ಲಿ ತೆಗೆದ ಛಾಯಾಚಿತ್ರಗಳು ಉಳಿದಿವೆ. ನಿನ್ನೆಯವರೆಗೆ ಮುಟ್ಟಿದರೆ ಪ್ರಾಣ ಹೋಗುವಂತಿದ್ದ ಹಳಿಯ ಮಗ್ಗುಲಲ್ಲಿ ಮಕ್ಕಳು ನಿಶ್ಚಿಂತೆಯಿಂದ ನಿದ್ರಿಸುವ ದೃಶ್ಯ ಅವುಗಳಲ್ಲಿದೆ.

ಸುರಂಗವಾಸ ಸುಖವಾಸವೇನೂ ಆಗಿರಲಿಲ್ಲ. ಮೊದಮೊದಲು ಶೌಚಕ್ಕೆ ಬಕೆಟ್ಟುಗಳೇ ಗತಿ. ಉಸಿರು ಕಟ್ಟುವ ಗಾಳಿ, ಸೊಳ್ಳೆ, ಹೇನು. ಕ್ರಮೇಣ ಮಂಚಗಳು ಬಂದವು, ಪ್ರಥಮೋಪಚಾರದ ದಾದಿಯರು ಬಂದರು, ಚಹಾ ಬನ್ನುಗಳ ಸರಬರಾಜು ಆರಂಭವಾಯಿತು.

ಪೂರ್ಣ ಅಭಯವೂ ಅಲ್ಲಿರಲಿಲ್ಲ. ೧೯೪೦ರ ಅಕ್ಟೋಬರ್ ೧೪ರಂದು ದಕ್ಷಿಣದ ಬಾಲಮ್ ನಿಲ್ದಾಣದ ಮೇಲಣ ರಸ್ತೆಗೆ ಬಾಂಬು ಬಿದ್ದು, ಸುರಂಗ ಕುಸಿದು, ನೀರು ಮಣ್ಣು ನುಗ್ಗಿ ಅರವತ್ತಕ್ಕೂ ಹೆಚ್ಚು ಜನ ಮಡಿದರು. ೧೯೪೩ರ ಮಾರ್ಚ್ ೩ರಂದು ಬೆತ್ನಲ್ ಗ್ರೀನಿನಲ್ಲಿ ನಡೆದ ದುರಂತ ಇನ್ನೂ ಘೋರ. ಅಲ್ಲಿ ಬಾಂಬೇ ಬೀಳಲಿಲ್ಲ. ಕತ್ತಲಿನ ಮೆಟ್ಟಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು, ಕಾಲ್ತುಳಿತದಲ್ಲಿ ಉಸಿರುಗಟ್ಟಿ ೧೭೩ ಜನ ಸತ್ತರು. ಇಷ್ಟಾದರೂ ಮೇಲಿನ ಬೀದಿಗಿಂತ ಕೆಳಗಿನ ಸುರಂಗವೇ ಮೇಲೆಂದು ಜನ ನಂಬಿದರು. ಆಲ್ಡ್‌ವಿಚ್ಚಿನ ಪಾಲಿಗಂತೂ ಆ ನಂಬಿಕೆ ಹುಸಿಯಾಗಲಿಲ್ಲ. ೧೯೪೧ರ ಮೇ ತಿಂಗಳಲ್ಲಿ ನಿಲ್ದಾಣದ ಸಮೀಪದ ಸೇಂಟ್ ಕ್ಲೆಮೆಂಟ್ ಡೇನ್ಸ್ ಇಗರ್ಜಿ ಬೆಂಕಿಗೆ ಆಹುತಿಯಾಗಿ ಗೋಡೆಗಳಷ್ಟೇ ಉಳಿದವು. ೧೯೪೪ರ ಜೂನ್ ೩೦ರ ಮಧ್ಯಾಹ್ನ ಆಲ್ಡ್‌ವಿಚ್ ಬೀದಿಗೆ ಚಾಲಕನಿಲ್ಲದ ಹಾರುಬಾಂಬೊಂದು ಬಿದ್ದು ನಲವತ್ತಕ್ಕೂ ಹೆಚ್ಚು ಜನ ಅಲ್ಲಿಯೇ ಅಸುನೀಗಿದರು.

ಕಲ್ಲಿನ ಅತಿಥಿಗಳು

ಜನರು ಮಲಗಿದ ಪ್ಲಾಟ್‌ಫಾರಮ್ಮಿನಿಂದ ಹೋಬರ್ನಿನ ಕಡೆಗೆ ಸಾಗುವ ಸುರಂಗದಲ್ಲಿ ಬೇರೊಂದು ಬಗೆಯ ಅತಿಥಿಗಳು ತಂಗಿದ್ದರು. ಅವರು ಆಥೆನ್ಸಿನ ಪಾರ್ಥೆನಾನ್ ದೇಗುಲದ ಅಮೃತಶಿಲೆಯ ದೇವತೆಗಳು, ಕುದುರೆ ಸವಾರರು, ಮೆರವಣಿಗೆಯ ತರುಣಿಯರು. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಕಡೆದ ಈ ಶಿಲ್ಪಗಳನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಎಲ್ಗಿನ್ ಪ್ರಭು ಗ್ರೀಸಿನಿಂದ ಕಳಚಿ ತಂದಿದ್ದ. ೧೮೧೬ರಲ್ಲಿ ಪಾರ್ಲಿಮೆಂಟು ಅವನ್ನು ಕೊಂಡು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿತು. ಅವು ತನ್ನವೆಂದು, ತನಗೆ ಹಿಂದಿರುಗಿಸಬೇಕೆಂದು ಗ್ರೀಸ್ ದೇಶ ಕೇಳುತ್ತಲೇ ಬಂದಿದೆ.

ಮ್ಯೂಸಿಯಮ್ಮಿನ ಹಗುರವಾದ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ದೂರದ ವೇಲ್ಸಿಗೆ ಸಾಗಿಸುವುದು ಸಾಧ್ಯವಾಯಿತು. ಟನ್ನುಗಟ್ಟಲೆ ತೂಗುವ ಕಲ್ಲುಗಳನ್ನು ಅಷ್ಟು ದೂರ ಹೊರುವುದು ಸುಲಭವಲ್ಲ. ಮ್ಯೂಸಿಯಮ್ಮಿನ ನೆರೆಯಲ್ಲೇ ಇದ್ದ ಈ ಸುರಂಗ ಅವಕ್ಕೆ ಒದಗಿ ಬಂದಿತು. ಮುನ್ನೆಚ್ಚರಿಕೆ ವ್ಯರ್ಥವಾಗಲಿಲ್ಲ. ಆ ಶಿಲ್ಪಗಳಿಗೆಂದೇ ಕಟ್ಟಿ ೧೯೩೮ರಲ್ಲಿ ಮುಗಿಸಿದ್ದ ಹೊಸ ಶಾಲೆ ೧೯೪೦ರಲ್ಲಿ ಬಾಂಬಿನ ಏಟಿಗೆ ಸಿಕ್ಕಿತು. ಅದನ್ನು ರಿಪೇರಿ ಮಾಡಿ ಜನರಿಗೆ ತೆರೆದದ್ದು ೧೯೬೨ರಲ್ಲಿ. ಶಿಲ್ಪಗಳು ಅಲ್ಲಿಯೇ ಇದ್ದಿದ್ದರೆ ಇಂದು ಯಾರದೆಂದು ವಾದಿಸಲೂ ಅವು ಉಳಿಯುತ್ತಿದ್ದವೋ ಇಲ್ಲವೋ.

ಒಂದೇ ಸುರಂಗದ ಒಂದು ತುದಿಯಲ್ಲಿ ಒಂದು ರಾಷ್ಟ್ರ ಅತ್ಯಂತ ಬೆಲೆಯುಳ್ಳದ್ದೆಂದು ತಿಳಿದ ಕಲ್ಲುಗಳು. ಇನ್ನೊಂದು ತುದಿಯಲ್ಲಿ ಮನೆ ಕಳೆದುಕೊಂಡ, ಅಥವಾ ನಾಳೆ ಕಳೆದುಕೊಳ್ಳಬಹುದಾದ ಸಾಮಾನ್ಯರು. ಕಲ್ಲುಗಳಿಗೆ ಜಾಗ ಕೊಡಲು ಯಾರೂ ವಾದ ಹೂಡಿರಲಿಲ್ಲ. ಮನುಷ್ಯರು ಮಾತ್ರ ಟಿಕೆಟ್ಟು ಕೊಂಡು ಒಳನುಗ್ಗಬೇಕಾಯಿತು.

ಮತ್ತೆ ಲೆಕ್ಕದ ಪುಸ್ತಕ

ಯುದ್ಧ ಮುಗಿಯಿತು. ೧೯೪೬ರ ಜುಲೈ ೧ರಂದು ಪುಟ್ಟ ರೈಲು ಮತ್ತೆ ಓಡತೊಡಗಿತು. ಹಳೆಯ ದೂರೂ ಮತ್ತೆ ಆರಂಭವಾಯಿತು. ೧೯೫೮ರ ಜೂನ್ ತಿಂಗಳಿನಿಂದ ಕಚೇರಿಯ ಜನ ಬಂದುಹೋಗುವ ಬೆಳಗು ಸಂಜೆಗಳಲ್ಲಿ ಮಾತ್ರ ಸಂಚಾರವನ್ನು ಉಳಿಸಿಕೊಂಡರು.

ನಿಲ್ದಾಣವನ್ನು ಬದುಕಿಸುವ ಉಪಾಯಗಳು ಇಲ್ಲದಿರಲಿಲ್ಲ. ಮಾರ್ಗವನ್ನು ಥೇಮ್ಸ್ ನದಿಯ ಅಡಿಯಲ್ಲಿ ವಾಟರ್‌ಲೂವರೆಗೆ ಒಯ್ದರೆ ಕೊಂಬೆಗೂ ಜೀವ ಬಂದೀತೆಂಬ ಯೋಜನೆ ಮೊದಲಿನಿಂದಲೂ ಇತ್ತು. ೧೯೬೫ರಲ್ಲಿ ಅದಕ್ಕೆ ಪಾರ್ಲಿಮೆಂಟಿನ ಅನುಮತಿಯೂ ದೊರೆಯಿತು, ಹಣ ಮಾತ್ರ ದೊರೆಯಲಿಲ್ಲ. ೧೯೭೯ರಲ್ಲಿ ಚೇರಿಂಗ್ ಕ್ರಾಸ್‌ವರೆಗೆ ತೆರೆದ ಜ್ಯೂಬಿಲಿ ಮಾರ್ಗವನ್ನು ಆಲ್ಡ್‌ವಿಚ್ಚಿನ ಮೂಲಕ ಪೂರ್ವಕ್ಕೆ ಒಯ್ಯುವ ಉದ್ದೇಶವಿತ್ತು. ಅದಕ್ಕಾಗಿ ಸ್ಟ್ರಾಂಡ್ ಬೀದಿಯ ಕೆಳಗೆ ಸುರಂಗವನ್ನು ಸ್ವಲ್ಪ ದೂರ ತೋಡಿಯೂ ಇದ್ದರು. ಕೊನೆಗೆ ೧೯೯೯ರಲ್ಲಿ ಆ ಮಾರ್ಗ ವೆಸ್ಟ್‌ಮಿನ್‌ಸ್ಟರಿನ ಕಡೆಗೆ ತಿರುಗಿತು. ಚೇರಿಂಗ್ ಕ್ರಾಸಿನ ಜ್ಯೂಬಿಲಿ ಪ್ಲಾಟ್‌ಫಾರಮ್ಮುಗಳಿಗೂ ಬೀಗ ಬಿತ್ತು. ಕಾಪಾಡಲು ಬರುತ್ತಿದ್ದವನೇ ದಾರಿಯಲ್ಲಿ ಬಿದ್ದಂತಾಯಿತು.

ಆ ಹೊತ್ತಿಗಾಗಲೇ ಆಲ್ಡ್‌ವಿಚ್ಚಿನ ಕಥೆ ಮುಗಿದಿತ್ತು. ೧೯೦೭ರ ಲಿಫ್ಟುಗಳು ಹಳತಾಗಿದ್ದವು. ಬದಲಾಯಿಸಬೇಕಾದರೆ ೩೦ ಲಕ್ಷ ಪೌಂಡು ಬೇಕು. ಬರುವವರು ದಿನಕ್ಕೆ ೪೫೦ ಜನ. ವರ್ಷಕ್ಕೆ ಒಂದೂವರೆ ಲಕ್ಷ ಪೌಂಡಿನ ನಷ್ಟ. ಇಂತಹ ಲೆಕ್ಕದ ಮುಂದೆ ವಾದಕ್ಕೆ ಎಡೆಯೆಲ್ಲಿ? ೧೯೯೪ರ ಸೆಪ್ಟೆಂಬರ್ ೩೦ರಂದು ಕೊನೆಯ ರೈಲು ಹೊರಟಿತು, ಬಾಗಿಲು ಮುಚ್ಚಿತು. ಲೆಕ್ಕದ ಮಟ್ಟಿಗೆ ಅಧಿಕಾರಿಗಳ ನಿರ್ಣಯ ತಪ್ಪೆನ್ನುವಂತಿಲ್ಲ.

ಬೀಗ ಬಿದ್ದ ಮೇಲೆ

ಲಂಡನ್ನಿನಲ್ಲಿ ಹೀಗೆ ಮೂಲೆಗೆ ಬಿದ್ದ ನಿಲ್ದಾಣ ಇದೊಂದೇ ಅಲ್ಲ. ಇದೇ ಪಿಕಡಿಲಿ ಮಾರ್ಗದ ಡೌನ್ ಸ್ಟ್ರೀಟ್ ನಿಲ್ದಾಣ ೧೯೦೭ರಲ್ಲಿ ತೆರೆದು, ಪ್ರಯಾಣಿಕರ ಅಭಾವದಿಂದ ೧೯೩೨ರಲ್ಲಿ ಮುಚ್ಚಿತು. ಯುದ್ಧ ಬಂದಾಗ ಇಡೀ ದೇಶದ ರೈಲು ಸಂಚಾರವನ್ನು ನಿಯಂತ್ರಿಸುವ ಸಮಿತಿ ಅಲ್ಲಿ ತನ್ನ ಗುಪ್ತ ಕಚೇರಿಯನ್ನು ಹೂಡಿತು. ೧೯೪೦ರ ಭೀಕರ ದಾಳಿಗಳ ದಿನಗಳಲ್ಲಿ ಪ್ರಧಾನಿ ಚರ್ಚಿಲ್ಲರೇ ಕೆಲವು ರಾತ್ರಿ ಅಲ್ಲಿ ಆಶ್ರಯ ಪಡೆದರು. ಹಡಗುಕಟ್ಟೆಯ ಕೂಲಿಕಾರನೂ ದೇಶದ ಪ್ರಧಾನಿಯೂ ಒಂದೇ ಕಾಲದಲ್ಲಿ ಕಂಡುಕೊಂಡ ಆಶ್ರಯವೆಂದರೆ ಸುರಂಗ ರೈಲಿನ ನಿಲ್ದಾಣವೇ.

ಆಲ್ಡ್‌ವಿಚ್ಚಿಗೆ ಚಲನಚಿತ್ರದವರು ಇನ್ನೊಂದು ಉದ್ಯೋಗ ಕೊಟ್ಟಿದ್ದಾರೆ. ಸುರಂಗ ರೈಲಿನ ದೃಶ್ಯ ಬೇಕಾದಾಗ ಓಡುವ ರೈಲಿಗೆ ಅಡ್ಡಿಯಾಗದಂತೆ ಇಲ್ಲಿ ಚಿತ್ರೀಕರಣ ಮಾಡಬಹುದಲ್ಲವೇ? ೨೦೦೭ರ ‘ಅಟೋನ್ಮೆಂಟ್’ ಚಿತ್ರದಲ್ಲಿ ಬಾಲಮ್ ನಿಲ್ದಾಣದ ದುರಂತವನ್ನು ತೋರಿಸಬೇಕಾಗಿ ಬಂದಾಗ ಬಾಲಮ್ಮಿನ ವೇಷ ತೊಟ್ಟದ್ದು ಆಲ್ಡ್‌ವಿಚ್. ನಿಜಜೀವನದಲ್ಲಿ ಜನರನ್ನು ಕಾಪಾಡಿದ ನಿಲ್ದಾಣ ಪರದೆಯ ಮೇಲೆ ಜನರನ್ನು ಕಳೆದುಕೊಂಡ ನಿಲ್ದಾಣದ ಪಾತ್ರ ವಹಿಸಿತು.

೨೦೧೧ರಲ್ಲಿ ಸರ್ಕಾರ ಈ ಕಟ್ಟಡವನ್ನು ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಲಂಡನ್ ಸಾರಿಗೆ ವಸ್ತುಸಂಗ್ರಹಾಲಯದವರು ಆಸಕ್ತರನ್ನು ಚಿಕ್ಕ ಗುಂಪುಗಳಲ್ಲಿ ಒಳಗೆ ಕರೆದೊಯ್ದು ತೋರಿಸುವ ವ್ಯವಸ್ಥೆ ಮಾಡಿದ್ದಾರೆ. ಲಿಫ್ಟು ನಡೆಯುವುದಿಲ್ಲವಾದ್ದರಿಂದ ಹೋದವರು ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಸುತ್ತಿ ಇಳಿಯಬೇಕು. ೧೯೪೦ರ ರಾತ್ರಿಗಳನ್ನು ಅಲ್ಲಿ ಕಳೆದ ಮಕ್ಕಳಲ್ಲಿ ಬದುಕಿರುವವರು ಇಂದು ತೀರ ವೃದ್ಧರು.

ಮೇಲಿನ ಸ್ಟ್ರಾಂಡ್ ಬೀದಿಯ ಆ ಭಾಗದಿಂದ ಮೋಟಾರು ವಾಹನಗಳನ್ನು ಹೊರಗಿಟ್ಟಿದ್ದಾರೆ. ವಿದ್ಯಾರ್ಥಿಗಳು ಕೆಂಪು ಗೋಡೆಯ ಮುಂದೆ ಕುಳಿತು ಹರಟುತ್ತಾರೆ. ನಿಲ್ದಾಣವನ್ನು ಮುಚ್ಚುವಾಗ ಅಧಿಕಾರಿಗಳು ಬರೆದಿಟ್ಟ ಲೆಕ್ಕ ದಿನಕ್ಕೆ ೪೫೦ ಜನ. ಒಂದೂವರೆ ಪೆನ್ನಿಯ ಟಿಕೆಟ್ಟು ಹಿಡಿದು ಇಳಿದು, ಹಳಿಗಳ ನಡುವೆ ಮಲಗಿ, ಬೆಳಗಾದ ಮೇಲೆ ಎದ್ದು ಜೀವಸಹಿತ ಮನೆಗೆ ಹೋದವರು ಆ ಲೆಕ್ಕದಲ್ಲಿ ಸೇರಿರಲಿಲ್ಲ.